ಕಾಂಜಿ ಕಲಿಯಲು ಯಾವ ಆ್ಯಪ್? ಕುಂಬಳೆಯ ರೈಲಿನಲ್ಲಿ ಕುಳಿತು ಹೋಲಿಸಿ ನೋಡಿದ್ದು

ಜಪಾನಿ ಬರಹದಲ್ಲಿ ಬಳಸುವ ಚೀನಾ ಮೂಲದ ಅಕ್ಷರಗಳಿಗೆ ಕಾಂಜಿ ಎಂದು ಹೆಸರು. ನಮ್ಮೂರಿನಲ್ಲಿ ಕಾಂಜಿ ಕಲಿಯುತ್ತಿದ್ದೇನೆ ಎಂದು ಹೇಳುವುದೇ ಒಂದು ಫಜೀತಿ. ಪಕ್ಕದ ಮನೆಯ ಅಮ್ಮನ ಮಲಯಾಳಕ್ಕೆ ಅದು ಗಂಜಿ. "ಅದನ್ನು ಕಲಿಯಲು ಏನಿದೆ ಮೋನೇ, ಅಕ್ಕಿ ಬೇಯಿಸಿದರೆ ಆಯಿತಲ್ಲ" ಎಂದರು. ಕಾಸರಗೋಡಿನಲ್ಲಿ ಏಳು ಭಾಷೆಗಳ ನಡುವೆ ಬೆಳೆದವನಿಗೆ ಎಂಟನೆಯದು ಹೊರೆಯಾಗಲಾರದು ಎಂಬ ಧೈರ್ಯದಲ್ಲಿ ನಾನು ಜಪಾನಿ ಹಿಡಿದದ್ದು. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳು ಮೂರು ವಾರಗಳಲ್ಲಿ ಕೈಗೆ ಬಂದವು. ಅಕ್ಷರ ಜೋಡಿಸಿದ ಕ್ರಮದಲ್ಲಿ ಅವು ನಮ್ಮ ಅಕ್ಷರಮಾಲೆಯ ದೂರದ ನೆಂಟರು. ಅ, ಇ, ಉ, ಎ, ಒ ಮುಗಿದ ಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಲು ಹೋಗುತ್ತದೆ. ಸಂಸ್ಕೃತ ಬರೆಯಲು ಬಳಸುತ್ತಿದ್ದ, ಬೌದ್ಧರ ಜೊತೆ ಜಪಾನಿಗೆ ಹೋದ ಸಿದ್ಧಂ ಲಿಪಿಯ ಅಧ್ಯಯನದಿಂದ ಬಂದ ಕ್ರಮ ಅದು. ಕಾಂಜಿ ಹಾಗಲ್ಲ. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿಯೇ 2136 ಕಾಂಜಿಗಳಿವೆ, ಒಂದೊಂದಕ್ಕೂ ಅರ್ಥ ಬೇರೆ, ಹೆಚ್ಚಿನವಕ್ಕೆ ಎರಡು ಮೂರು ಉಚ್ಚಾರ.

ನಾನು ಕಲಿತದ್ದು ಖಯಾಲಿಗೆ. ಅಕ್ಕನ ಮಗಳದು ಹೊಟ್ಟೆಪಾಡಿನ ಪ್ರಶ್ನೆ. ನರ್ಸಿಂಗ್ ಮುಗಿಸಿದವಳು, ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವ ಯೋಚನೆಯಲ್ಲಿದ್ದಾಳೆ. 2019ರ ಏಪ್ರಿಲ್‌ನಲ್ಲಿ ಜಪಾನ್ ಶುರು ಮಾಡಿದ ನಿರ್ದಿಷ್ಟ ಕೌಶಲ್ಯದ ವೀಸಾಕ್ಕೆ ಭಾರತದ ಜೊತೆ 2021ರ ಜನವರಿಯಲ್ಲಿ ಒಡಂಬಡಿಕೆಯಾಯಿತು. ಅದಕ್ಕೆ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ (ಐದು ಮಟ್ಟಗಳಲ್ಲಿ ಕೆಳಗಿನಿಂದ ಎರಡನೆಯದು) ಅಥವಾ ಜೆಎಫ್‌ಟಿ ಬೇಸಿಕ್ ಎಂಬ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಆರೈಕೆಯ ಕೆಲಸಕ್ಕಾದರೆ ಅದರ ಮೇಲೆ ಕೌಶಲ್ಯದ ಒಂದು ಪರೀಕ್ಷೆ, ಆರೈಕೆಯ ಜಪಾನಿಯದು ಇನ್ನೊಂದು. "ಮಾವ, ಮೊಬೈಲಿನಲ್ಲಿ ಕಾಂಜಿ ಕಲಿಯಲು ಒಂದು ಆ್ಯಪ್ ಹೇಳಿ, ಒಂದೇ ಒಂದು ಸಾಕು" ಎಂದು ಅವಳು ಕೇಳಿದ ಮೇಲೆ ನಾನು ಹೋಲಿಸಲು ಕುಳಿತೆ. ಅವಳ ಹಿಂದೆ ಅವಳ ಗೆಳತಿಯರೂ ಕೇಳಿದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮೂರು ಪ್ರಶ್ನೆ

ಯಾವ ಆ್ಯಪ್ ಒಳ್ಳೆಯದು ಎಂದು ಕೇಳುವ ಮುಂಚೆ, ಕೈಯಿಂದ ಬರೆಯಲು ಬರಬೇಕೇ ಎಂದು ಕೇಳಿಕೊಳ್ಳಬೇಕು. ಜೆಎಲ್‌ಪಿಟಿಯಲ್ಲಿ ಬರೆಯುವ ಪ್ರಶ್ನೆಯೇ ಇಲ್ಲ, ಎಲ್ಲವೂ ಸರಿಯುತ್ತರ ಆರಿಸುವಂಥವು. ನೋಡಿ ಗುರುತಿಸಿದರೆ ಸಾಕು. ಕನ್ನಡ ಶಾಲೆಯಲ್ಲಿ ತಿದ್ದಿ ತಿದ್ದಿ ಅಕ್ಷರ ಕಲಿತ ನಮಗೆ ಬರೆಯದೆ ಕಲಿಯುವುದು ಕಳ್ಳತನದ ಹಾಗೆ ಅನಿಸುತ್ತದೆ. ಆದರೆ ಆರು ತಿಂಗಳಲ್ಲಿ ಪರೀಕ್ಷೆ ಇರುವವರು ಕೈಬರಹಕ್ಕೆ ಹೆಚ್ಚು ಹೊತ್ತು ಕೊಡಬಾರದು.

ಎರಡನೆಯದು, ಫೋನ್ ಆಂಡ್ರಾಯ್ಡೋ ಐಫೋನೋ. ಇದು ನೇರವಾಗಿ ಹಣದ ಪ್ರಶ್ನೆ, ಮುಂದೆ ಬರುತ್ತದೆ.

ಮೂರನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಆಯ್ಕೆ ನಿಂತದ್ದೇ ಅದರ ಮೇಲೆ: ಕಾರ್ಡಿನ ಹಿಂಬದಿ ಯಾರ ಭಾಷೆಯಲ್ಲಿದೆ? ಫ್ಲ್ಯಾಶ್‌ಕಾರ್ಡ್ ಎಂದರೆ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಕಾಂಜಿ ನೆನಪಿನಲ್ಲಿ ಉಳಿಯಲು ಆ ಹಿಂಬದಿಯಲ್ಲಿ ಒಂದು ಸಣ್ಣ ಕಥೆ ಬೇಕು. ಸಿದ್ಧವಾಗಿ ಸಿಗುವ ಕಥೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಜಪಾನಿ ಅಕ್ಷರ ನೆನಪಿಡಲು ಅಮೆರಿಕದ ನಗೆಹನಿ ಕೊಟ್ಟರೆ, ಅವಳು ಮೊದಲು ಆ ನಗೆಹನಿಯನ್ನೇ ಬಾಯಿಪಾಠ ಮಾಡಬೇಕಾಗುತ್ತದೆ.

ಅಂಕಿ

ಹೆಸರು ಕೇಳಿ ಗಣಿತದ ಆ್ಯಪ್ ಎಂದುಕೊಳ್ಳಬೇಡಿ. ಜಪಾನಿಯಲ್ಲಿ ಅಂಕಿ ಎಂದರೆ ಬಾಯಿಪಾಠ. ಡೇಮಿಯನ್ ಎಲ್ಮ್ಸ್ ಎಂಬುವರು ತಾವು ಜಪಾನಿ ಕಲಿಯುವಾಗ ಬೇಕೆಂದು ಇದನ್ನು ಮಾಡಿ 2006ರಲ್ಲಿ ಹೊರತಂದರು. ಇದು ಅಂತರ ಬಿಟ್ಟು ಮರುನೋಟ ಮಾಡಿಸುವ ಪದ್ಧತಿ. ಇಂದು ಕಲಿತದ್ದನ್ನು ನಾಳೆ ಕೇಳುತ್ತದೆ, ಹೇಳಿದರೆ ಮೂರು ನಾಲ್ಕು ದಿನ ಬಿಟ್ಟು, ಆಮೇಲೆ ವಾರ, ತಿಂಗಳು. ತಪ್ಪಿದರೆ ಮತ್ತೆ ಹತ್ತಿರಕ್ಕೆ ತರುತ್ತದೆ. ಮಗ್ಗಿ ಹೇಳಿಸುತ್ತಿದ್ದ ಮೇಷ್ಟ್ರು ಯಾರಿಗೆ ಹದಿಮೂರರ ಮಗ್ಗಿ ಬಾರದೋ ಅವರನ್ನೇ ದಿನಾ ಎಬ್ಬಿಸುತ್ತಿದ್ದರಲ್ಲ, ಅದೇ ಬುದ್ಧಿ.

ಆಂಡ್ರಾಯ್ಡ್ ಫೋನಿಗೆ ಅಂಕಿಡ್ರಾಯ್ಡ್ ಇದೆ. ಸ್ವಯಂಸೇವಕರು ನಡೆಸುವ ಮುಕ್ತ ತಂತ್ರಾಂಶ, ಪೂರ್ತಿ ಉಚಿತ, ಜಾಹೀರಾತಿಲ್ಲ. ಐಫೋನಿಗೆ ಅಂಕಿಮೊಬೈಲ್, ಬೆಲೆ 24.99 ಡಾಲರ್, ಅಂದರೆ 2000 ರೂಪಾಯಿಗೂ ಮೇಲೆ. ಒಮ್ಮೆ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಅಷ್ಟು ಕೊಡಲು ಮನಸ್ಸಿಲ್ಲದ ಐಫೋನಿನವರು ಅಂಕಿವೆಬ್ ಎಂಬ ಅದರದೇ ಜಾಲತಾಣವನ್ನು ಬ್ರೌಸರಿನಲ್ಲಿ ಉಚಿತವಾಗಿ ತೆರೆದು ಓದಬಹುದು, ಆದರೆ ಅದಕ್ಕೆ ಇಂಟರ್‌ನೆಟ್ ಬೇಕು. ಒಂದು ಎಚ್ಚರಿಕೆ: ಆ್ಯಪ್ ಅಂಗಡಿಯಲ್ಲಿ ಅಂಕಿ ಎಂದು ಹುಡುಕಿದರೆ ಹೆಸರಿಗೆ ಬಾಲ ಅಂಟಿಸಿಕೊಂಡ ಬೇರೆಯವೂ ಸಿಗುತ್ತವೆ. ಅವಕ್ಕೂ ಮೂಲ ಅಂಕಿಗೂ ಸಂಬಂಧವಿಲ್ಲ. ಮೇಲಿನ ಎರಡು ಹೆಸರುಗಳನ್ನೇ ನೋಡಿ ಇಳಿಸಿಕೊಳ್ಳಿ.

ನಾನು ಅಂಕಿಯನ್ನು ಮೆಚ್ಚಿದ್ದು ರೈಲಿನಲ್ಲಿ. ಬೆಳಿಗ್ಗೆ ಕುಂಬಳೆಯಲ್ಲಿ ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವವನು ನಾನು. ಉಪ್ಪಳ, ಮಂಜೇಶ್ವರದ ನಡುವೆ ಫೋನಿನ ಸಿಗ್ನಲ್ ಬರುತ್ತದೆ, ಹೋಗುತ್ತದೆ, ಕೇರಳದ್ದೋ ಕರ್ನಾಟಕದ್ದೋ ಎಂದು ಅದಕ್ಕೇ ಗೊತ್ತಿರುವುದಿಲ್ಲ. ಕಾರ್ಡುಗಳು ಫೋನಿನೊಳಗೇ ಇರುವುದರಿಂದ ಅಂಕಿಡ್ರಾಯ್ಡಿಗೆ ಇದರ ಪರಿವೆ ಇಲ್ಲ. ನೇತ್ರಾವತಿ ಸೇತುವೆ ಬರುವಷ್ಟರಲ್ಲಿ ದಿನದ ಮರುನೋಟ ಮುಗಿದಿರುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೆ ಬಾಯಿ ಮುಚ್ಚುವ ಆ್ಯಪ್‌ಗಳನ್ನು ನಾನು ಇದೇ ಹಾದಿಯಲ್ಲಿ ಒಂದೊಂದಾಗಿ ಫೋನಿನಿಂದ ಕೆಳಗಿಳಿಸಿ ಬಂದಿದ್ದೇನೆ.

ದೋಷಗಳೂ ಇವೆ. ಮೊದಲ ನೋಟಕ್ಕೆ ಇದು ಸರ್ಕಾರಿ ಅರ್ಜಿ ನಮೂನೆಯ ಹಾಗೆ ಕಾಣುತ್ತದೆ. ತೆರೆದರೆ ಒಳಗೆ ಒಂದು ಕಾರ್ಡೂ ಇರುವುದಿಲ್ಲ, ನೀವೇ ಮಾಡಬೇಕು ಅಥವಾ ಬೇರೆಯವರು ಹಂಚಿದ ಡೆಕ್, ಅಂದರೆ ಕಾರ್ಡಿನ ಕಟ್ಟು, ಇಳಿಸಿಕೊಳ್ಳಬೇಕು. ಸೆಟ್ಟಿಂಗ್‌ಗಳ ಕಾಡಿನಲ್ಲಿ ಅಲೆದು ಮೊದಲ ವಾರವನ್ನೇ ಕಳೆದವರನ್ನು ಬಲ್ಲೆ. ಮುಟ್ಟಬೇಕಾದದ್ದು ಎರಡೇ. ದಿನಕ್ಕೆ 20 ಹೊಸ ಕಾರ್ಡು ಎಂದು ಮೊದಲೇ ಇಟ್ಟಿರುತ್ತಾರೆ, ಅದನ್ನು 5ಕ್ಕೆ ಇಳಿಸಿ. ಇನ್ನೊಂದು, ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ. 2023ರಲ್ಲಿ ಸೇರಿದ್ದು, ಹಳೆಯದಕ್ಕಿಂತ ಚುರುಕು, ಡೆಕ್ಕಿನ ಸೆಟ್ಟಿಂಗಿನಲ್ಲಿ ನಾವೇ ಚಾಲೂ ಮಾಡಬೇಕು. ಉಳಿದದ್ದನ್ನೆಲ್ಲ ಇದ್ದ ಹಾಗೆ ಬಿಡಿ.

ಉತ್ತರ ನೋಡಿದ ಮೇಲೆ ಒತ್ತಲು ಅಗೇನ್, ಹಾರ್ಡ್, ಗುಡ್, ಈಸಿ ಎಂದು ನಾಲ್ಕು ಗುಂಡಿಗಳಿವೆ. ನಮ್ಮವರು ಮರೆತಾಗಲೂ ಸಂಕೋಚದಿಂದ ಹಾರ್ಡ್ ಒತ್ತುತ್ತಾರೆ, ಪೂರ್ತಿ ಸೋತೆ ಎಂದು ಒಪ್ಪಿಕೊಳ್ಳಲು ಮನಸ್ಸಾಗುವುದಿಲ್ಲ. ಆದರೆ ಹಾರ್ಡ್ ಎಂದರೆ ಕಷ್ಟಪಟ್ಟು ನೆನಪಾಯಿತು ಎಂದು. ಮರೆತಿದ್ದರೆ ಅಗೇನ್ ಒತ್ತಲೇಬೇಕು, ಇಲ್ಲವಾದರೆ ಲೆಕ್ಕ ಪೂರ್ತಿ ಹದಗೆಡುತ್ತದೆ. ಅಕ್ಕನ ಮಗಳು ಒಂದು ತಿಂಗಳು ಹೀಗೆ ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಒಂದು ಕಾರ್ಡನ್ನು ಹತ್ತಿರದಿಂದ ನೋಡಿದರೆ

ಎಂಟು ಸಲ ಮರೆತ ಕಾರ್ಡಿಗೆ ಅಂಕಿ ಲೀಚ್ ಎಂದು ಗುರುತು ಹಾಕುತ್ತದೆ. ಲೀಚ್ ಎಂದರೆ ಜಿಗಣೆ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಇಳಿದವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು: ಗೊತ್ತಾಗದ ಹಾಗೆ ಹತ್ತಿ, ರಕ್ತ ಹೀರಿ, ಉಪ್ಪು ಹಾಕುವ ತನಕ ಬಿಡುವುದಿಲ್ಲ. ಅಕ್ಕನ ಮಗಳ ಜಿಗಣೆಗಳು ಎರಡು, ಮಾತ್ಸು ಮತ್ತು ಮೋತ್ಸು. ಮೊದಲನೆಯದು ಕಾಯುವುದು, ಎರಡನೆಯದು ಹಿಡಿದುಕೊಳ್ಳುವುದು. ಎರಡು ಕಾಂಜಿಗಳ ಬಲಭಾಗವೂ ಒಂದೇ, ದೇವಾಲಯ ಎಂಬ ಅರ್ಥದ ತೆರಾ. ಎಡಭಾಗದಲ್ಲಿ ಒಂದಕ್ಕೆ ನಡೆಯುವುದನ್ನು ಸೂಚಿಸುವ ಗುರುತು, ಇನ್ನೊಂದಕ್ಕೆ ಕೈ. ಮೊಬೈಲಿನ ಸಣ್ಣ ಪರದೆಯಲ್ಲಿ ಎರಡೂ ಅವಳಿ ಮಕ್ಕಳು.

ಇಂಗ್ಲಿಷ್ ಡೆಕ್ಕಿನಲ್ಲಿದ್ದ ಕಥೆ ಅವಳಿಗೆ ಹತ್ತಲಿಲ್ಲ. ನಾನು ಕೇಳಿದೆ, "ದೇವಸ್ಥಾನ ಎಂದರೆ ನಿನಗೆ ಮೊದಲು ನೆನಪಾಗುವುದು ಯಾವುದು?"

"ಮಧೂರು."

"ಅಲ್ಲಿ ಕೈಯಲ್ಲಿ ಏನು ಹಿಡಿದುಕೊಳ್ಳುತ್ತೀ?"

"ಅಪ್ಪ."

ಮುಗಿಯಿತು. ದೇವಸ್ಥಾನದ ಪಕ್ಕದಲ್ಲಿ ಕೈ ಇದ್ದರೆ ಅಪ್ಪ ಎಂಬ ತಿಂಡಿಯ ಪ್ರಸಾದವನ್ನು ಹಿಡಿದುಕೊಳ್ಳುವುದು, ಮೋತ್ಸು. ದೇವಸ್ಥಾನಕ್ಕೆ ನಡೆದು ಹೋದವರ ಗುರುತು ಇದ್ದರೆ, ಪೂಜೆ ಮುಗಿಯುವ ತನಕ ಹೊರಗೆ ಕಾಯುವುದು, ಮಾತ್ಸು. ಆಮೇಲೆ ಅವಳೇ ಮುಂದುವರಿಸಿದಳು. ದೇವಸ್ಥಾನದ ಪಕ್ಕ ಸೂರ್ಯ ಇದ್ದರೆ ಸಮಯ, ತೋಕಿ: ಹೊತ್ತು ನೋಡಿ ಗಂಟೆ ಹೊಡೆಯುವುದು. ಮಾತು ಇದ್ದರೆ ಕವಿತೆ, ಶಿ: ದೇವಸ್ಥಾನದ ಎದುರು ಆಟದಲ್ಲಿ ಭಾಗವತರು ಹೇಳುವ ಪದ. ಎತ್ತು ಇದ್ದರೆ ವಿಶೇಷ, ತೊಕು. "ಅದಕ್ಕೆ ಕಥೆಯೇ ಬೇಡ ಮಾವ, ದೇವಸ್ಥಾನದೊಳಗೆ ಎತ್ತು ನುಗ್ಗಿದರೆ ವಿಶೇಷವೇ ಅಲ್ಲವೇ" ಎಂದಳು. ಇವು ಅಕ್ಷರದ ಇತಿಹಾಸ ಅಲ್ಲ. ನಿಜವಾಗಿ ಆ ದೇವಾಲಯದ ಭಾಗ ಹಲವು ಕಡೆ ಉಚ್ಚಾರ ತೋರಿಸಲು ಮಾತ್ರ ಕುಳಿತಿದೆ. ದೇವಾಲಯಕ್ಕೂ ಸಮಯಕ್ಕೂ ಹಿಡಿಯುವುದಕ್ಕೂ ಚೀನಾ ಮೂಲದ ಓದು ಜಿ ಎಂದೇ. ಆದರೆ ನೆನಪಿಗೆ ಬೇಕಾದದ್ದು ಉಪ್ಪು, ವ್ಯುತ್ಪತ್ತಿ ಅಲ್ಲ.

ನಮ್ಮ ಭಾಷೆಯಲ್ಲಿ ಇಂಥ ಉಪ್ಪು ಎಷ್ಟಿದೆ ಎಂದು ಹುಡುಕುತ್ತಾ ಹೋದ ಹಾಗೆ ನನಗೇ ಆಶ್ಚರ್ಯವಾಯಿತು. ಚಿಪ್ಪು ಎಂಬ ಅರ್ಥದ ಕಾಂಜಿ ಒಂದಿದೆ. ಕೊಳ್ಳುವುದು, ಸಾಲ ಕೊಡುವುದು, ಕೂಡಿಡುವುದು, ಖರ್ಚು, ಹೀಗೆ ಹಣ ಓಡಾಡುವ ಅಕ್ಷರಗಳಲ್ಲೆಲ್ಲ ಅದು ನುಸುಳುತ್ತದೆ, ಏಕೆಂದರೆ ಹಳೆಯ ಚೀನಾದಲ್ಲಿ ಚಿಪ್ಪು ಹಣವಾಗಿತ್ತು. ಇಂಗ್ಲಿಷಿನಲ್ಲಿ ಇದನ್ನು ಒಂದು ಪ್ಯಾರಾ ಬರೆದು ವಿವರಿಸುತ್ತಾರೆ. ನಮಗೆ ಕವಡೆ ಕಾಸು ಎಂದರೆ ಸಾಕು. ಮದ್ದು ಎಂಬುದರ ಕಾಂಜಿ, ಕುಸುರಿ, ಮೇಲೆ ಹುಲ್ಲು, ಕೆಳಗೆ ಸುಖ. ಸೊಪ್ಪು ಅರೆದು ಕುಡಿಸಿ ಹೊಟ್ಟೆನೋವು ಇಳಿಸುತ್ತಿದ್ದ ಅಜ್ಜಿ ಇದ್ದ ಮನೆಯಲ್ಲಿ ಇದಕ್ಕೆ ವಿವರಣೆ ಬೇಕೇ? ವಿಶ್ರಾಂತಿಗೆ ಮನುಷ್ಯ ಮತ್ತು ಮರ. ನನ್ನ ಕಾರ್ಡಿನಲ್ಲಿ ಅದು ಕೊನೆ ಕೊಯ್ದು ಇಳಿದು ಅಡಿಕೆ ಮರಕ್ಕೆ ಒರಗಿದವನು.

ಇದನ್ನೆಲ್ಲ ಕಾರ್ಡಿನ ಹಿಂದೆ ಕನ್ನಡದಲ್ಲಿಯೇ ಟೈಪ್ ಮಾಡಿಡಲು ಅಂಕಿಯಲ್ಲಿ ಅಡ್ಡಿಯಿಲ್ಲ. ಇಳಿಸಿಕೊಂಡ ಇಂಗ್ಲಿಷ್ ಡೆಕ್ಕಿಗೂ ಕನ್ನಡ ಎಂದು ಒಂದು ಹೊಸ ಖಾನೆ ಸೇರಿಸಬಹುದು. ಉಚ್ಚಾರವನ್ನು ಮಾತ್ರ ಹಿರಗಾನದಲ್ಲಿಯೇ ಇಡಿ. ಕನ್ನಡ ಅಕ್ಷರ ಜಪಾನಿಗೆ ಚೆನ್ನಾಗಿ ಹೊಂದುತ್ತದೆ ಎಂಬುದು ನಿಜ. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆಚೀಟಿ. ಒಬಸಾನ್ ಎಂದರೆ ಚಿಕ್ಕಮ್ಮ, ಒಬಾಸಾನ್ ಎಂದರೆ ಅಜ್ಜಿ. ರೋಮನ್ ಅಕ್ಷರದಲ್ಲಿ ತಡಕಾಡುವ ಈ ವ್ಯತ್ಯಾಸ ನಮ್ಮ ಒತ್ತಕ್ಷರಕ್ಕೆ, ದೀರ್ಘಕ್ಕೆ ನೀರು ಕುಡಿದಷ್ಟು ಸುಲಭ. ಆ ಸುಲಭವೇ ಅಪಾಯ. ಕಣ್ಣು ಕನ್ನಡವನ್ನು ಓದಿ ಮುಂದೆ ಹೋಗಿಬಿಡುತ್ತದೆ, ಹಿರಗಾನ ಪಳಗುವುದಿಲ್ಲ.

ಇನ್ನೊಂದು ಮಾತು. ಒಂಟಿ ಕಾಂಜಿಗೆ ಕಾರ್ಡು ಮಾಡಬೇಡಿ, ಪದಕ್ಕೆ ಮಾಡಿ. ಜೀವ, ಹುಟ್ಟು ಎಂಬ ಅರ್ಥದ ಕಾಂಜಿಯೊಂದು ಮೇಷ್ಟ್ರು ಎಂಬ ಅರ್ಥದ ಸೆನ್ಸೇಯಲ್ಲಿ ಸೇ, ಹುಟ್ಟುಹಬ್ಬದ ತಂಜೋಬಿಯಲ್ಲಿ ಜೋ, ಹಸಿ ಮೊಟ್ಟೆಯ ನಾಮತಾಮಗೋದಲ್ಲಿ ನಾಮ. ಉಚ್ಚಾರಗಳ ಪಟ್ಟಿಯನ್ನು ಉರು ಹೊಡೆದವರು ಪದ ಎದುರಿಗೆ ಬಂದಾಗ ತಬ್ಬಿಬ್ಬಾಗುತ್ತಾರೆ. ಆರೈಕೆಯ ಕೆಲಸಕ್ಕೆ ಹೋಗುವವರು ರಕ್ತದೊತ್ತಡದ ಕೆತ್ಸುಆತ್ಸು, ಮೈಬಿಸಿಯ ತಾಇಓನ್, ಗಾಲಿಕುರ್ಚಿಯ ಕುರುಮಾಇಸು, ಊಟದ ಶೊಕುಜಿ, ಇಂಥವುಗಳಿಂದ ತಮ್ಮದೇ ಸಣ್ಣ ಡೆಕ್ ಕಟ್ಟುವುದು ಒಳ್ಳೆಯದು. ಸಾಮಾನ್ಯ ಪದಗಳಿಗೆ ಕೈಶಿ 1.5ಕೆ ಎಂಬ ಉಚಿತ ಡೆಕ್ ಇದೆ, ಸುಮಾರು 1500 ಪದ, ವಾಕ್ಯ, ಧ್ವನಿ ಎಲ್ಲ ಇವೆ. ಹಿಂಬದಿ ಇಂಗ್ಲಿಷ್, ಕನ್ನಡದ ಖಾನೆ ನಿಮ್ಮ ಕೆಲಸ.

ವನಿಕಾನಿ

ಸಿದ್ಧ ಅಡುಗೆ ಬೇಕು, ಒಲೆ ಹಚ್ಚುವ ಕೆಲಸ ಬೇಡ ಎನ್ನುವವರಿಗೆ ವನಿಕಾನಿ. ತೊಫುಗು ಎಂಬ ಸಂಸ್ಥೆಯದು. 60 ಮಟ್ಟಗಳಲ್ಲಿ ಸುಮಾರು 2000 ಕಾಂಜಿ, 6000ಕ್ಕೂ ಹೆಚ್ಚು ಪದ. ಮೊದಲು ಅಕ್ಷರದ ಬಿಡಿಭಾಗ, ಅದರಿಂದ ಕಾಂಜಿ, ಕಾಂಜಿಯಿಂದ ಪದ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ಪಾಠದ ಜೋಡಣೆ ನಿಜವಾಗಿಯೂ ಚೆಂದ. ಕಾರ್ಡಿನ ಹಣೆಬರಹವನ್ನು ನಾವೇ ಒತ್ತಿ ಹೇಳುವುದಲ್ಲ, ಉತ್ತರ ಟೈಪ್ ಮಾಡಬೇಕು, ಆದ್ದರಿಂದ ಮೇಲೆ ಹೇಳಿದ ಸುಳ್ಳಿಗೆ ಜಾಗವಿಲ್ಲ. ಮರುನೋಟದ ಅಂತರವನ್ನೂ ಅದೇ ಗೊತ್ತುಮಾಡಿದೆ: ನಾಲ್ಕು ಗಂಟೆ, ಎಂಟು ಗಂಟೆ, ಒಂದು ದಿನ, ಎರಡು ದಿನ, ಹೀಗೆ ಕೊನೆಗೆ ನಾಲ್ಕು ತಿಂಗಳು.

ಮೊದಲ ಮೂರು ಮಟ್ಟ ಉಚಿತ. ಆಮೇಲೆ ನಾನು ನೋಡಿದ ಬೆಲೆ ತಿಂಗಳಿಗೆ 9 ಡಾಲರ್, ವರ್ಷಕ್ಕೆ 89, ಶಾಶ್ವತ ಚಂದಾ 299. ಜಾಲತಾಣದಲ್ಲಿ ಕೊಡಬೇಕಾದ್ದರಿಂದ ವಿದೇಶಿ ಪಾವತಿಗೆ ತೆರೆದಿರುವ ಕಾರ್ಡ್ ಬೇಕಾಗುತ್ತದೆ, ಮೀನು ಕೊಂಡ ಹಾಗೆ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಮುಗಿಸಲಾಗುವುದಿಲ್ಲ. ಮೂಲತಃ ಇದು ಬ್ರೌಸರಿನದು. ಫೋನಿಗೆ ಬೇರೆಯವರು ಮಾಡಿದ ಆ್ಯಪ್‌ಗಳಿವೆ, ಐಫೋನಿನಲ್ಲಿ ತ್ಸುರುಕಾಮೆ ಚೆನ್ನಾಗಿದೆ.

ನನ್ನ ಆಕ್ಷೇಪ ಹಣದ್ದಲ್ಲ. ಅರ್ಥವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಕಥೆಗಳೆಲ್ಲ ಇಂಗ್ಲಿಷಿನ ಶ್ಲೇಷೆ. ನಿಮ್ಮ ಟಿಪ್ಪಣಿ ಬರೆದುಕೊಳ್ಳಲು ಜಾಗವಿದೆ, ಆದರೆ ಅದು ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದ ಹಾಗೆ. ಕ್ರಮವನ್ನು ಬದಲಿಸಲೂ ಬರುವುದಿಲ್ಲ. ಡಿಸೆಂಬರಿನಲ್ಲಿ ಎನ್4 ಬರೆಯುವವಳಿಗೆ ಬೇಕಾದ ಕಾಂಜಿ ಹದಿನೈದನೆಯ ಮಟ್ಟದಲ್ಲಿ ಕುಳಿತಿದ್ದರೆ ಅಲ್ಲಿಯವರೆಗೆ ಹತ್ತಲೇಬೇಕು. ಇಂಗ್ಲಿಷಿನಲ್ಲಿ ಸಲೀಸಾಗಿ ಯೋಚಿಸುವ, ಪರೀಕ್ಷೆಯ ಅವಸರವಿಲ್ಲದ, ಎರಡು ಮೂರು ವರ್ಷ ಕೊಡಬಲ್ಲ ಐಟಿ ಕೆಲಸದವರಿಗೆ ನಾನು ಇದನ್ನೇ ಹೇಳುತ್ತೇನೆ. ಅಕ್ಕನ ಮಗಳಿಗೆ ಹೇಳಲಿಲ್ಲ.

ಕೈಬರಹ ಬೇಕೇ ಬೇಕು ಎನ್ನುವವರಿಗೆ

ಸ್ಕ್ರಿಟರ್ ಬೆರಳಿನಿಂದ ಬರೆಸುತ್ತದೆ, ಗೆರೆಯ ಕ್ರಮ, ದಿಕ್ಕು ತಪ್ಪಿದರೆ ಅಲ್ಲೇ ಹಿಡಿಯುತ್ತದೆ. ಬರೆಯಲೆಂದೇ ಮಾಡಿದ್ದರಲ್ಲಿ ಇದು ಮೇಲು, ಚಂದಾ ಮಾತ್ರ ನಮ್ಮ ಜೇಬಿಗೆ ಭಾರ. ಆಂಡ್ರಾಯ್ಡಿನ ಕಾಂಜಿ ಸ್ಟಡಿ ಅದಕ್ಕಿಂತ ಮಿತವ್ಯಯದ್ದು. ಆರಂಭದ ಕಾಂಜಿಗಳು ಉಚಿತ, ಪೂರ್ತಿ ಬೇಕಾದರೆ ಒಂದೇ ಸಲ ಹಣ ಕೊಡುವುದು. ಗೆರೆ ಎಳೆಯುವ ಕ್ರಮ, ಬರೆಯುವ ಅಭ್ಯಾಸ, ರಸಪ್ರಶ್ನೆ, ಉದಾಹರಣೆ ಪದಗಳು ಎಲ್ಲ ಒಂದೇ ಕಡೆ ಇವೆ. ಅಂಕಿಯ ಪಕ್ಕದಲ್ಲಿ ಇದನ್ನು ನಿಘಂಟಿನ ಹಾಗೆ ಇಟ್ಟುಕೊಂಡಿದ್ದೇನೆ. ಅಂಕಿಡ್ರಾಯ್ಡಿನಲ್ಲೂ ಕಾರ್ಡಿನ ಮೇಲೆ ಬೆರಳಿನಿಂದ ಗೀಚುವ ವೈಟ್‌ಬೋರ್ಡ್ ಇದೆ, ಅದು ತಪ್ಪು ತಿದ್ದುವುದಿಲ್ಲ. ಮರಳಿನ ಮೇಲೆ ಬರೆದ ಹಾಗೆ ಬರೆದು ಅಳಿಸಬಹುದು, ಪರೀಕ್ಷೆಗೆ ಅಷ್ಟು ಧಾರಾಳ.

ಉಳಿದವು

ಕ್ವಿಜ್ಲೆಟ್ ತರಗತಿಗೆ ಒಳ್ಳೆಯದು. ಐದಾರು ಮಂದಿ ಸೇರಿ ಒಂದು ಪಾಠದ ಪದಗಳನ್ನು ಹಾಕಿ ಆಟದ ಹಾಗೆ ಕಲಿಯಬಹುದು, ಆದರೆ ಉಪಯುಕ್ತ ಭಾಗಗಳು ಒಂದೊಂದಾಗಿ ಚಂದಾದ ಹಿಂದೆ ಸರಿದಿವೆ. ಮೆಮ್‌ರೈಸಿನಲ್ಲಿ ಬಳಕೆದಾರರೇ ಮಾಡಿದ ಕೋರ್ಸ್‌ಗಳಿದ್ದ ಕಾಲ ಒಂದಿತ್ತು. ಅವನ್ನು ಮುಖ್ಯ ಆ್ಯಪ್‌ನಿಂದ ತೆಗೆದು ಬೇರೆ ಜಾಲತಾಣಕ್ಕೆ ಸರಿಸಿದ ಮೇಲೆ ಕಾಂಜಿಗೆಂದು ಅಲ್ಲಿಗೆ ಹೋಗಲು ನನಗೆ ಕಾರಣ ಕಾಣುವುದಿಲ್ಲ. ರೆನ್ಶು ಎಂಬುದರಲ್ಲಿ ಕಾಂಜಿ, ಪದ, ವ್ಯಾಕರಣ ಒಟ್ಟಿಗೆ ಸಿಗುತ್ತವೆ, ಹೆಚ್ಚಿನದು ಉಚಿತ. ಅಂಕಿಯ ಖಾಲಿ ಮನೆ ಕಂಡು ಹೆದರುವವರು ಇದನ್ನು ನೋಡಬಹುದು. ಇದೂ ಇಂಗ್ಲಿಷಿನದೇ.

ಕಾಗದದ ಕಾರ್ಡು? ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ನೂರು ಕಾರ್ಡಿನ ತನಕ ನಾನೂ ಮಾಡಿದೆ. ನೂರರ ಮೇಲೆ ಯಾವುದನ್ನು ಯಾವಾಗ ನೋಡಬೇಕೆಂಬ ಲೆಕ್ಕ ಕೈತಪ್ಪುತ್ತದೆ. ಜೊತೆಗೆ ಜೂನ್ ತಿಂಗಳು. ನಮ್ಮ ಕಡೆಯ ಮಳೆಯಲ್ಲಿ ಅಂಗಿಯ ಜೇಬಿನಲ್ಲಿಟ್ಟ ಕಾಗದದ ಗತಿ ಹೇಳಬೇಕಾಗಿಲ್ಲ.

ಆ್ಯಪ್ ಯಾವುದೇ ಇರಲಿ, ಎರಡು ಹೊಂಡಗಳು

ಮೊದಲನೆಯದು ಅಕ್ಷರರೂಪದ್ದು. ಕಂಪ್ಯೂಟರು, ಫೋನುಗಳಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಚೀನಾ ಮತ್ತು ಜಪಾನಿನ ಹಲವು ಅಕ್ಷರಗಳಿಗೆ ಒಂದೇ ಸಂಖ್ಯೆ ಕೊಟ್ಟಿದ್ದಾರೆ. ಫೋನಿನ ಭಾಷೆ ಕನ್ನಡವೋ ಇಂಗ್ಲಿಷೋ ಆಗಿದ್ದರೆ, ಯಾವ ದೇಶದ ರೂಪ ತೋರಿಸಬೇಕೆಂದು ತಿಳಿಯದೆ ಅದು ಚೀನಾದ ರೂಪ ತೋರಿಸಬಹುದು. ನೇರ, ಸರಿಪಡಿಸು ಎಂಬ ಅರ್ಥದ ನಾಒಸು ಕಾಂಜಿಯನ್ನು ತೆರೆದು ನೋಡಿ. ಜಪಾನಿನ ರೂಪದಲ್ಲಿ ಎಡಬದಿಯಲ್ಲಿ ಇಳಿದ ಗೆರೆ ಕೆಳಗೆ ಬಲಕ್ಕೆ ಮಡಚಿಕೊಂಡು ಗೋಡೆ, ನೆಲದ ಹಾಗೆ ನಿಂತಿರುತ್ತದೆ. ಚೀನಾದ ರೂಪದಲ್ಲಿ ಆ ಗೋಡೆ ಇಲ್ಲ, ಕೆಳಗೆ ಒಂದು ಅಡ್ಡಗೆರೆ ಮಾತ್ರ. ಗೋಡೆ ಕಾಣದಿದ್ದರೆ ಫೋನಿನ ಭಾಷಾ ಪಟ್ಟಿಯಲ್ಲಿ ಕನ್ನಡದ ಕೆಳಗೆ ಜಪಾನಿಯನ್ನೂ ಸೇರಿಸಿ. ಆಗಲೂ ಸರಿಯಾಗದಿದ್ದರೆ ಅಂಕಿಯ ಕಾರ್ಡಿಗೆ ಜಪಾನಿ ಫಾಂಟ್ ಹಾಕಬಹುದು. ನಾನು ನಾಲ್ಕು ತಿಂಗಳು ಗೋಡೆಯಿಲ್ಲದ ಅಕ್ಷರ ಕಲಿತು, ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಗೋಡೆ ಕಂಡು ಮುದ್ರಣದೋಷ ಎಂದುಕೊಂಡಿದ್ದೆ.

ಎರಡನೆಯದು, ಕಾರ್ಡುಗಳು ಯಾರ ಕೈಯಲ್ಲಿವೆ ಎಂಬುದು. ಅಂಕಿಗಿಂತ ಮುಂಚೆ ಅಕ್ಕನ ಮಗಳು ಬೇರೊಂದು ಆ್ಯಪ್‌ನಲ್ಲಿ, ಹೆಸರು ಬೇಡ, ತಾನೇ 300ರಷ್ಟು ಕಾರ್ಡು ಬರೆದಿದ್ದಳು. ಉಚಿತ ಅವಧಿ ಮುಗಿಯಿತು, ಕಾರ್ಡುಗಳು ಒಳಗೆ ಉಳಿದವು, ಹೊರತೆಗೆಯುವ ದಾರಿಯೇ ಇರಲಿಲ್ಲ. ಎರಡು ರಾತ್ರಿ ಕುಳಿತು ಪರದೆಯ ಫೋಟೋ ತೆಗೆದು ಮತ್ತೆ ಟೈಪ್ ಮಾಡಿದಳು. ಯಾವ ಆ್ಯಪ್ ಹಿಡಿದರೂ ಮೊದಲ ದಿನವೇ ಎಕ್ಸ್‌ಪೋರ್ಟ್ ಎಂಬ ಆಯ್ಕೆ ಇದೆಯೇ ಎಂದು ನೋಡಿ. ಅಂಕಿಯಲ್ಲಿ ಇದೆ, ಇಡೀ ಸಂಗ್ರಹವನ್ನು ಒಂದು ಕಡತವಾಗಿ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಬಹುದು. ಅಂಕಿವೆಬ್ ಖಾತೆ ತೆರೆದು ಸಿಂಕ್ ಮಾಡಿಟ್ಟರೆ ಇನ್ನೂ ನಿಶ್ಚಿಂತೆ. ಮದುವೆಯ ವಿಡಿಯೊಗಳಿಗೆ ಜಾಗ ಸಾಲದು ಎಂದು ಆ್ಯಪ್ ಅಳಿಸುವ ಅಭ್ಯಾಸ ನಮ್ಮಲ್ಲಿದೆ. ಈಚಿನ ಅಂಕಿಡ್ರಾಯ್ಡನ್ನು ಫೋನಿನಿಂದ ಅಳಿಸಿದರೆ ಒಳಗಿನ ಕಾರ್ಡುಗಳೂ ಜೊತೆಗೆ ಹೋಗುತ್ತವೆ.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜೆಎಲ್‌ಪಿಟಿ ನಡೆಸುವವರು 2010ರ ಬದಲಾವಣೆಯ ನಂತರ ಕಾಂಜಿಗಳ ಅಧಿಕೃತ ಪಟ್ಟಿ ಕೊಡುವುದಿಲ್ಲ. ಕಲಿಸುವವರ ಅಂದಾಜಿನಲ್ಲಿ ಎನ್5ಕ್ಕೆ 100, ಎನ್4ಕ್ಕೆ ಅದೂ ಸೇರಿ 300. ದಿನಕ್ಕೆ ಐದರಂತೆ ಹೋದರೆ ಎರಡು ತಿಂಗಳು. ದಿನಕ್ಕೆ ಇಪ್ಪತ್ತು ಹಾಕಿಕೊಂಡು ಹದಿನೈದು ದಿನದಲ್ಲಿ ಮುಗಿಸುತ್ತೇನೆ ಎಂದು ಹೊರಟವರ ಮರುನೋಟದ ರಾಶಿ ಮೂರನೆಯ ವಾರದಲ್ಲಿ ದಿನಕ್ಕೆ ನೂರೈವತ್ತು ದಾಟುತ್ತದೆ, ನಾಲ್ಕನೆಯ ವಾರದಲ್ಲಿ ಅವರು ಆ್ಯಪ್ ತೆರೆಯುವುದೇ ಇಲ್ಲ. ಹಬ್ಬ, ಮದುವೆ, ಕೋಲ ಎಂದು ನಾಲ್ಕು ದಿನ ತಪ್ಪಿದರೆ ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ ಹಳೆಯದನ್ನು ಮಾತ್ರ ನೋಡಿ, ರಾಶಿ ಕರಗಿದ ಮೇಲೆ ಮತ್ತೆ ಐದು.

ಇಂದು ಸಂಜೆಯೇ ಶುರು ಮಾಡುವವರಿದ್ದರೆ ಕೆಲಸ ಇಷ್ಟು: ಆಂಡ್ರಾಯ್ಡಿಗೆ ಅಂಕಿಡ್ರಾಯ್ಡ್ ಇಳಿಸಿ, ಅಂಕಿವೆಬ್ ಖಾತೆ ತೆರೆಯಿರಿ, ಕೀಬೋರ್ಡಿನಲ್ಲಿ ಕನ್ನಡದ ಜೊತೆ ಜಪಾನಿಯನ್ನೂ ಸೇರಿಸಿ, ಹೊಸ ಕಾರ್ಡಿನ ಸಂಖ್ಯೆ 5 ಮಾಡಿ. ಮೊದಲ ಐದು ಕಾರ್ಡನ್ನು ಯಾವ ಡೆಕ್ಕಿನಿಂದಲೂ ತರಬೇಡಿ, ಕೈಯಾರೆ ಬರೆಯಿರಿ. ಮರ, ಎರಡು ಮರ ಇದ್ದರೆ ತೋಪು, ಮೂರು ಮರ ಇದ್ದರೆ ಕಾಡು, ಮರಕ್ಕೆ ಒರಗಿದ ಮನುಷ್ಯ, ಮತ್ತೆ ಆ ದೇವಸ್ಥಾನ. ದೇವಸ್ಥಾನ ನಿಮ್ಮೂರಿನದೇ ಆಗಿರಲಿ. ಅಕ್ಕನ ಮಗಳ ಗೆಳತಿಯೊಬ್ಬಳು ಮಧೂರಿನ ಕಾರ್ಡನ್ನು ಹಾಗೆಯೇ ನಕಲು ಮಾಡಿಕೊಂಡು, ಅಲ್ಲಿಗೆ ಒಮ್ಮೆಯೂ ಹೋಗಿರದ ಕಾರಣ ಮಾತ್ಸು, ಮೋತ್ಸು ಎರಡನ್ನೂ ಮತ್ತೆ ಜಿಗಣೆ ಮಾಡಿಕೊಂಡಳು. ಈಗ ಅವಳ ಕಾರ್ಡಿನಲ್ಲಿ ಅನಂತಪುರದ ಕೆರೆಯ ದೇವಸ್ಥಾನ ಇದೆ.